ವಾಸನೆ ಕದಿಯುವ ಬೆಣ್ಣೆ

ಯೂಡೀನ್ ನನ್ನನ್ನು ಅಡುಗೆಮನೆಯಿಂದ ಹೊರಗೆ ಹಾಕಿ
ಇವತ್ತಿಗೆ ಒಂಬತ್ತು ತಿಂಗಳು.
ಜಗಳವಲ್ಲ, ಕುಡಿತವಲ್ಲ, ಇನ್ನೊಬ್ಬಳ ಕತೆಯೂ ಅಲ್ಲ.
ಕೋಕೋ ಬೆಣ್ಣೆಗೆ ಕಳ್ಳಬುದ್ಧಿಯಂತೆ:
ಅಕ್ಕಪಕ್ಕ ಏನು ನಾರಿದರೂ
ಎಳೆದು ಒಳಗಿಟ್ಟುಕೊಳ್ಳುತ್ತದಂತೆ.
ನಾನೋ, ಇಪ್ಪತ್ತಾರು ವರ್ಷದಿಂದ ಟ್ಯೂನಾ ಹಿಡಿಯುವವನು.

ಮೊದಲ ಸಲ ಮಾಡಿದ ಹದಿನಾಲ್ಕು ಬಿಲ್ಲೆ
ಬಿಸಿಲಿಗೆ ಹಿಡಿದರೆ ಕನ್ನಡಿ,
ಬಾಯಿಗಿಟ್ಟರೆ ಗ್ವಾವ್ ಊರಿನ ಮೀನುಕಟ್ಟೆ.
ನಾನು ನಕ್ಕೆ. ನಗಬಾರದಿತ್ತು.
ಅಂದಿನಿಂದ ನನ್ನ ಊಟ ಹಿತ್ತಲಿನ ದೀವಿಹಲಸಿನ ಬುಡದಲ್ಲಿ,
ಬೆಕ್ಕಿನ ಜೊತೆ, ಒಂದೇ ಪಂಕ್ತಿ.

ಹೋಟೆಲಿನ ಲಾಂಡ್ರಿ ಮುಚ್ಚಿದಾಗ ಕೈಗೆ ಬಂದ ದುಡ್ಡಲ್ಲಿ
ಬೇರೆಯವರಾಗಿದ್ದರೆ ಹೊಸ ಫ್ರಿಜ್ ತರುತ್ತಿದ್ದರು.
ಇವಳು ಹಡಗಿನಲ್ಲಿ ತರಿಸಿದ್ದು ಕಲ್ಲು:
ಸ್ಟೀಲಿನ ಪಾತ್ರೆ, ತಳಕ್ಕೆ ಗ್ರಾನೈಟು,
ಅದರ ಮೇಲೆ ಉರುಳುವ ಎರಡು ಗುಂಡು.
ಪೆಟ್ಟಿಗೆಯ ಮೇಲೊಂದು ಚಿತ್ರ. ತಟ್ಟೆ ತುಂಬ ಬೆಳ್ಳನೆಯ ದುಂಡು ತಿಂಡಿ,
ಹಣೆಗೆ ಕೆಂಪು ಚುಕ್ಕೆ ಇಟ್ಟು ನಗುವ ಹೆಂಗಸು.
'ಇದು ಯಾವ ಸೀಮೆಯ ಚಾಕಲೇಟು?' ಎಂದೆ.
'ಅವರದೇನೋ ಹಿಟ್ಟಂತೆ. ಏನು ಹಾಕಿದರೇನು,
ಕಲ್ಲಿಗೆ ಗೊತ್ತಾಗುತ್ತದಾ' ಎಂದಳು.

ಕಲ್ಲಿಗೆ ನಿದ್ದೆಯೂ ಗೊತ್ತಿಲ್ಲ.
ಮೂರು ಹಗಲು ಮೂರು ರಾತ್ರಿ ಗುರ್ರೋ ಎನ್ನುತ್ತದೆ.
ಪಕ್ಕದ ಮನೆಯ ಸಿಲ್ಮಾ ಕಿಟಕಿ ತೆಗೆದು ಕೂಗಿದಳು:
'ಕಟ್‌ಬರ್ಟ್, ದೋಣಿಯ ಎಂಜಿನ್ನೂ ಮನೆಯೊಳಗೇ ಮಲಗುತ್ತದಾ?'

ಒಮ್ಮೆ ಎರಡನೆಯ ರಾತ್ರಿಗೆ ಕರೆಂಟು ಹೋಯಿತು.
ಆ ಸದ್ದಿಲ್ಲದ್ದಕ್ಕೇ ಎಚ್ಚರವಾಯಿತು ನನಗೆ.
ಎದ್ದು ಹೋಗಿ ನೋಡಿದರೆ
ನೆಲದ ಮೇಲೆ ಕೂತಿದ್ದಾಳೆ,
ಪಾತ್ರೆಗೆ ಕಂಬಳಿ ಸುತ್ತಿ ಎದೆಗೊತ್ತಿಕೊಂಡು,
ಮಗಳಿಗೆ ಜ್ವರ ಬಂದ ವರ್ಷ ಕೂತ ಹಾಗೇ.
ತಣ್ಣಗಾದರೆ ಗುಂಡುಗಳು ಕಚ್ಚಿಕೊಳ್ಳುತ್ತವೆ.
ನಾನು ಹೊಸ್ತಿಲಲ್ಲಿ ಟಾರ್ಚು ಹಿಡಿದು ನಿಂತೆ,
ಒಳಗೆ ಕಾಲಿಡದೆ,
ಬೆಳಗಿನ ಜಾವದ ತನಕ.

ಅವಳ ತಾಯಿ ಬಂದಳು.
ಬಿಸಿಲಿಗೆ ಹರವಿದ ಕೋಕೋ ಬೀಜದ ಮೇಲೆ
ಬರಿಗಾಲಲ್ಲಿ ಕುಣಿದು ಕುಣಿದು ಹೊಳಪು ತರಿಸಿದವಳು ಅವಳು,
ಹತ್ತನೆಯ ವಯಸ್ಸಿನಿಂದ.
'ಇಷ್ಟಗಲಕ್ಕೆ ಹನ್ನೆರಡು ಡಾಲರಾ?
ಜಾಯಿಕಾಯಿ ತೇದು ಹಾಲಿಗೆ ಹಾಕಿದ್ದರೆ
ಇಡೀ ಬೀದಿ ಕುಡಿಯುತ್ತಿತ್ತು.'
ಅಂದು, ಎರಡು ಬಿಲ್ಲೆ ಚೀಲಕ್ಕಿಳಿಸಿಕೊಂಡಳು.
ದುಡ್ಡು ಕೊಡಲಿಲ್ಲ.

ಆಮೇಲೆ ಆರೋಗ್ಯ ಇಲಾಖೆಯ ಬಾಸ್ಕಾಂಬ್,
ಬಗಲಲ್ಲಿ ಹಾಳೆ, ಕಿವಿಯ ಮೇಲೆ ಪೆನ್ನು.
ಸಿಂಕು ನೋಡಿದ, ಸೂರು ನೋಡಿದ,
ಕಿಟಕಿಯ ಜಾಲರಿಗೆ ಬೆರಳು ತೂರಿಸಿ ನೋಡಿದ.
'ಮನೆಯಲ್ಲಿ ಪ್ರಾಣಿಗಳುಂಟಾ?'
'ಬೆಕ್ಕು, ಬೂಟು, ಗಂಡ. ಮೂರೂ ಹೊರಗೆ' ಎಂದಳು ಯೂಡೀನ್.
ಅವನು ನಗಲಿಲ್ಲ. ಹಾಳೆಯಲ್ಲಿ
ಮೂರು ಸಲ ಸರಿ ಹಾಕಿದ.

ಈಗ ಶನಿವಾರ ಶನಿವಾರ ಪೇಟೆಯಲ್ಲೊಂದು ಮೇಜು.
ಕೆಲವು ಸಲ ಮೂವತ್ತು ಹೋಗುತ್ತವೆ,
ಕೆಲವು ಸಲ ನಾಲ್ಕು, ಅದರಲ್ಲೊಂದು ಸಿಲ್ಮಾಳದು.
ಬಿಳಿ ಬೂಷ್ಟಿನಂತೆ ಮಬ್ಬಾದವನ್ನು
ಹಿಂದಕ್ಕೆ ತಂದು ಮತ್ತೆ ಕರಗಿಸುತ್ತಾಳೆ.
ಅದು ಹಾಳಲ್ಲವಂತೆ, ಮುನಿಸಂತೆ.
ಹದವಾಗಿ ಕಾಯಿಸಿದರೆ ಹೊಳಪು ತಿರುಗಿ ಬರುತ್ತದಂತೆ.
ನನ್ನ ಕಡೆ ನೋಡಿ ಹೇಳಿದಳೋ,
ಪಾತ್ರೆಯ ಕಡೆಗೋ.

ನಿನ್ನೆ ನಸುಕಿಗೆ ಕಡಲಿಗೆ ಹೊರಟಾಗ
ಮುರಿದ ಚೂರೊಂದನ್ನು ಕಾಗದದಲ್ಲಿ ಸುತ್ತಿ
ಅಂಗಿಯ ಜೇಬಿಗೆ ತುರುಕಿದಳು, ಹೊಸ್ತಿಲಿನಿಂದಲೇ, ಕೈ ಚಾಚಿ.
ಬಿಸಿಲೇರಿದಾಗ ನೆನಪಾಯಿತು.
ಅಷ್ಟರಲ್ಲಿ ಅಂಗಿಯೆಲ್ಲ ಕಂದು.
ರಾವ್ಲ್ ಎರಡು ಮಾರು ದೂರದಿಂದ ಮೂಗರಳಿಸಿದ:
'ಏನಯ್ಯಾ, ಹೆಂಡತಿಯನ್ನೇ ಜೇಬಲ್ಲಿಟ್ಟು ತಂದೆಯಾ?'

ಬೆರಳು ನೆಕ್ಕಿದೆ.
ಗಾಳಕ್ಕೆ ಎರೆ ಸಿಕ್ಕಿಸುವ ಮುಂಚೆ
ಸಮುದ್ರದಲ್ಲಿ ಎರಡು ಸಲ ಕೈ ತೊಳೆದೆ.
ಮೀನಿಗೂ ಮೂಗಿರುತ್ತದಲ್ಲ.